ಎರಡು ನಿಮಿಷದ ಹಾರಾಟ ಇಷ್ಟು ವರ್ಷ ಉಳಿದದ್ದು ಹೇಗೆ? ಸ್ಕಾಟ್ಲೆಂಡ್ ದ್ವೀಪಗಳ ಲೋಗನ್‌ಏರ್ ಕುರಿತು ಚರ್ಚೆ

ಕಡಲಕಾಗೆ (ಚರ್ಚೆ ಆರಂಭಿಸಿದವರು)

ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಬಂದು ಒಂಬತ್ತು ವರ್ಷವಾದರೂ ಆರ್ಕ್ನಿ ದ್ವೀಪಗಳಿಗೆ ಹೋಗಿಬರುವ ಅವಕಾಶ ನನಗೆ ಒದಗಿದ್ದು ಕಳೆದ ಮೇ ತಿಂಗಳಲ್ಲಿ. ಅಲ್ಲಿನ ಮುಖ್ಯ ಊರಾದ ಕರ್ಕ್‌ವಾಲ್‌ನ ವಿಮಾನ ನಿಲ್ದಾಣದಲ್ಲಿ ಪೈಲಟ್ ತಾವೇ ಹೊರಗೆ ಬಂದು, ನಮ್ಮ ತೂಕಕ್ಕೆ ತಕ್ಕಂತೆ ಯಾರು ಎಲ್ಲಿ ಕೂರಬೇಕೆಂದು ತೋರಿಸಿದರು. ಐಲ್ಯಾಂಡರ್ ವಿಮಾನದೊಳಗೆ ನಡುದಾರಿ ಇರುವುದಿಲ್ಲ; ಹಳೆಯ ಕಾರಿಗೆ ಹತ್ತುವಂತೆ ಪಕ್ಕದ ಬಾಗಿಲು ತೆರೆದು ಸೀಟಿಗೆ ಜಾರಿಕೊಳ್ಳಬೇಕು. ನನಗೆ ಪೈಲಟ್ ಪಕ್ಕದ ಸೀಟೇ ಸಿಕ್ಕಿತು. ಅವರು ಹಿಂದಕ್ಕೆ ತಿರುಗಿ, ಉಳಿದವರ ಮುಖ ನೋಡುತ್ತಲೇ ಸುರಕ್ಷತೆಯ ನಾಲ್ಕು ಮಾತು ಹೇಳಿ ಎಂಜಿನ್ ಚಾಲೂ ಮಾಡಿದರು. ವೆಸ್ಟ್ರೆ ದ್ವೀಪದಲ್ಲಿ ಇಬ್ಬರು ಇಳಿದರು. ಅಲ್ಲಿಂದ ಪಾಪಾ ವೆಸ್ಟ್ರೆಗೆ ಹಾರಿದ್ದು ಎಷ್ಟು ಹೊತ್ತು ಎಂದು ಕೇಳಿದರೆ ಉತ್ತರಿಸುವುದೇ ಕಷ್ಟ. ಬೆಲ್ಟ್ ಸರಿಯಾಗಿದೆಯೇ ಎಂದು ನೋಡಿಕೊಂಡು ತಲೆಯೆತ್ತುವಷ್ಟರಲ್ಲಿ ಕೆಳಗೆ ಕಡಲು ದಾಟಿ ಹುಲ್ಲುಗಾವಲು ಬಂದಿತ್ತು.

ವಿಶ್ವದ ಅತ್ಯಂತ ಚಿಕ್ಕ ನಿಗದಿತ ವಿಮಾನಯಾನ ಇದೇ. ದೂರ ಸುಮಾರು 2.7 ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಕೊಟ್ಟಿರುವ ಸಮಯ ಎರಡು ನಿಮಿಷ, ದಾಖಲೆ 53 ಸೆಕೆಂಡು. ದೇವನಹಳ್ಳಿಯ ಒಂದೊಂದು ರನ್‌ವೇ 4 ಕಿಲೋಮೀಟರ್ ಉದ್ದವಿದೆ ಎಂಬುದನ್ನು ನೆನೆದರೆ, ಈ ಇಡೀ ಪ್ರಯಾಣವೇ ಅದರೊಳಗೆ ಅಡಗಿ ಇನ್ನೂ ಜಾಗ ಮಿಗುತ್ತದೆ. ಆದರೂ 1967ರಿಂದ ಇಂದಿನವರೆಗೆ ಈ ಹಾರಾಟ ನಡೆದು ಬಂದಿದೆ. ಈ ನಡುವೆ ಬ್ರಿಟನ್ನಿನಲ್ಲಿ ಎಷ್ಟೋ ದೊಡ್ಡ ವಿಮಾನಯಾನ ಕಂಪನಿಗಳು ಬಾಗಿಲು ಹಾಕಿದವು. ಎಂಟು ಜನ ಕೂರುವ ವಿಮಾನವನ್ನು ಸುಮಾರು ಎಂಬತ್ತು ಜನರಿರುವ ದ್ವೀಪಕ್ಕೆ ಹಾರಿಸುವ ಲೋಗನ್‌ಏರ್ ಕಂಪನಿ ಹೇಗೆ ಉಳಿಯಿತು, ಹೇಗೆ ಬೆಳೆಯಿತು ಎಂಬುದನ್ನು ತಿಳಿದವರು ಇಲ್ಲಿ ಬರೆಯಬೇಕೆಂದು ಕೋರುತ್ತೇನೆ. ನನ್ನ ಅಭಿಪ್ರಾಯವನ್ನು ಆಮೇಲೆ ಹೇಳುತ್ತೇನೆ.

ಹಳೆಯ ವೇಳಾಪಟ್ಟಿ

ಮೂಲದಿಂದಲೇ ಶುರು ಮಾಡುತ್ತೇನೆ. ಲೋಗನ್‌ಏರ್ ಹುಟ್ಟಿದ್ದು ದ್ವೀಪಗಳಿಗಾಗಿ ಅಲ್ಲ. ವಿಲ್ಲಿ ಲೋಗನ್ ಎಂಬ ಕಟ್ಟಡ ಗುತ್ತಿಗೆದಾರರು ತಮ್ಮ ಕಾಮಗಾರಿಗಳ ನಡುವೆ ಓಡಾಡಲು 1962ರ ಫೆಬ್ರುವರಿ 1ರಂದು ಒಂದು ಪೈಪರ್ ಆಜ್ಟೆಕ್ ವಿಮಾನದೊಂದಿಗೆ ಎಡಿನ್‌ಬರೋದಲ್ಲಿ ಆರಂಭಿಸಿದ ಏರ್ ಟ್ಯಾಕ್ಸಿ ಅದು. ಎರಡೇ ವರ್ಷದಲ್ಲಿ, ಅಂದರೆ 1964ರಲ್ಲಿ, ಆರ್ಕ್ನಿಯ ದ್ವೀಪಗಳ ನಡುವಿನ ಸೇವೆ ಶುರುವಾಯಿತು. ಆ ದಾರಿಯನ್ನು ಮೊದಲು ತೆರೆದದ್ದು ಲೋಗನ್‌ಏರ್ ಅಲ್ಲ ಎಂಬುದನ್ನೂ ಹೇಳಬೇಕು. 1933ರಲ್ಲೇ ಕ್ಯಾಪ್ಟನ್ ಫ್ರೆಸನ್ ಅವರ ಹೈಲ್ಯಾಂಡ್ ಏರ್‌ವೇಸ್ ಇನ್ವರ್ನೆಸ್‌ನಿಂದ ಕರ್ಕ್‌ವಾಲ್‌ಗೆ ಹಾರಿತ್ತು. ಮರುವರ್ಷ ಹೆಚ್ಚುವರಿ ಅಂಚೆ ದರವಿಲ್ಲದೆ ಕಾಗದಪತ್ರಗಳನ್ನೂ ಒಯ್ಯತೊಡಗಿತು. ದ್ವೀಪದ ಜನಕ್ಕೆ ವಿಮಾನವೆಂದರೆ ಏನೆಂದು ಕಲಿಸಿದವರು ಫ್ರೆಸನ್.

ಲೋಗನ್ ಅವರು 1966ರ ಜನವರಿಯಲ್ಲಿ ಇನ್ವರ್ನೆಸ್ ಬಳಿ ವಿಮಾನ ಅಪಘಾತದಲ್ಲೇ ತೀರಿಕೊಂಡರು. ಅವರು ಅಂದು ಹತ್ತಿದ್ದು ಬೇರೆ ಕಂಪನಿಯ ಬಾಡಿಗೆ ವಿಮಾನವನ್ನು. ಕಂಪನಿಗೆ ಆಗ ಬರೀ ನಾಲ್ಕು ವರ್ಷ. ಅದು ಅಲ್ಲಿಗೇ ಮುಗಿಯಬಹುದಿತ್ತು. 1968ರಲ್ಲಿ ಅದನ್ನು ಒಂದು ಬ್ಯಾಂಕು ಕೊಂಡಿತು, ಅದೇ ಮುಂದೆ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಆಯಿತು. 1983ರವರೆಗೆ ಈ ವಿಮಾನಗಳ ಒಡೆತನ ಬ್ಯಾಂಕಿನದೇ ಆಗಿತ್ತು.

1983ರ ನಂತರ ಬ್ರಿಟಿಷ್ ಮಿಡ್‌ಲ್ಯಾಂಡ್ ಬಳಗದ ಪಾಲಾಗಿ ಮ್ಯಾಂಚೆಸ್ಟರ್‌ನಿಂದೆಲ್ಲ ಹಾರತೊಡಗಿತು, ಜೆಟ್ ವಿಮಾನವನ್ನೂ ಇಟ್ಟಿತು. 1994ರಲ್ಲಿ ಅದೇ ಬಳಗ ಸ್ಕಾಟ್ಲೆಂಡ್ ಹೊರಗಿನ ಮಾರ್ಗಗಳನ್ನು ಕಿತ್ತು ತನ್ನ ಇನ್ನೊಂದು ಕಂಪನಿಗೆ ಕೊಟ್ಟಿತು. ಲೋಗನ್‌ಏರ್ ಕೈಯಲ್ಲಿ ಉಳಿದದ್ದು ಸ್ಕಾಟ್ಲೆಂಡ್ ಒಳಗಿನ ಹಾರಾಟ ಮಾತ್ರ. 1997ರಲ್ಲಿ ಸ್ಕಾಟ್ ಗ್ರಿಯರ್ ಅವರ ಮುಂದಾಳತ್ವದಲ್ಲಿ ಆಡಳಿತದವರೇ ಕಂಪನಿಯನ್ನು ಕೊಂಡುಕೊಂಡರು. ಎಲ್ಲರೂ ಬೇಡವೆಂದು ಬಿಟ್ಟ ದ್ವೀಪದ ಹಾರಾಟಗಳನ್ನೇ ನಂಬಿ ದುಡ್ಡು ಹಾಕಿದ ಆ ನಿರ್ಧಾರವನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ಬೀದರ್ ಯಾತ್ರಿ

ಹಳೆಯ ವೇಳಾಪಟ್ಟಿಯವರಿಗೆ ಒಂದು ಪ್ರಶ್ನೆ. ಈ ವಿಮಾನಗಳ ಮೇಲೆ ಬ್ರಿಟಿಷ್ ಏರ್‌ವೇಸ್ ಹೆಸರಿದ್ದ ಚಿತ್ರಗಳನ್ನು ನೋಡಿದ್ದೇನೆ. ಅದು ಹೇಗೆ?

ಹಳೆಯ ವೇಳಾಪಟ್ಟಿ

ಅದು ಫ್ರಾಂಚೈಸಿ ಒಪ್ಪಂದ. ವಿಮಾನ, ಪೈಲಟ್, ನಷ್ಟದ ಹೊರೆ ಎಲ್ಲವೂ ಲೋಗನ್‌ಏರ್‌ನದು. ಬಣ್ಣ, ಹೆಸರು, ಟಿಕೆಟ್ ಮಾರಾಟದ ವ್ಯವಸ್ಥೆ ದೊಡ್ಡ ಕಂಪನಿಯದು. 1994ರಿಂದ 2008ರವರೆಗೆ ಬ್ರಿಟಿಷ್ ಏರ್‌ವೇಸ್ ಹೆಸರಿನಲ್ಲಿ, ಆಮೇಲೆ 2017ರ ಆಗಸ್ಟ್ ತನಕ ಫ್ಲೈಬಿ ಹೆಸರಿನಲ್ಲಿ ಹಾರಿತು. ಹೀಗೆ ಇಪ್ಪತ್ತಮೂರು ವರ್ಷ ಬೇರೆಯವರ ಅಂಗಿ ತೊಟ್ಟುಕೊಂಡೇ ಕಳೆದ ಮೇಲೆ, 2017ರ ಸೆಪ್ಟೆಂಬರ್ 1ರಿಂದ ಸ್ವಂತ ಹೆಸರಿನಲ್ಲಿ ನಿಂತಿತು. ಬಾಲದ ಮೇಲೆ ಸ್ಕಾಟಿಷ್ ಟಾರ್ಟನ್ ಪಟ್ಟೆಯ ವಿನ್ಯಾಸ ಬಂತು.

ಬೆಳವಣಿಗೆಯ ನಿಜವಾದ ಜಿಗಿತ ಕಾಣುವುದು ಅಲ್ಲಿಂದ ಈಚೆಗೆ. 2019ರ ಫೆಬ್ರುವರಿಯಲ್ಲಿ ಅದರ ಸೋದರ ಕಂಪನಿ ಫ್ಲೈಬಿಎಂಐ ಮುಳುಗಿತು, 2020ರ ಮಾರ್ಚ್ 5ರಂದು ಫ್ಲೈಬಿ ಮುಳುಗಿತು. ಎರಡೂ ಸಲ ಅವು ಬಿಟ್ಟುಹೋದ ಮಾರ್ಗಗಳಲ್ಲಿ ಕೆಲವನ್ನು ಲೋಗನ್‌ಏರ್ ವಹಿಸಿಕೊಂಡಿತು; ಫ್ಲೈಬಿಯದ್ದೇ ಹದಿನಾರು. ಹೀಗೆ ಅದು ಬ್ರಿಟನ್ನಿನ ಅತಿ ದೊಡ್ಡ ಪ್ರಾದೇಶಿಕ ವಿಮಾನಯಾನ ಕಂಪನಿಯಾಯಿತು.

ನೇರಮಾತು

ಇತಿಹಾಸ ಚೆನ್ನಾಗಿದೆ. ಆದರೆ ಯಾರಾದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಎಂಬತ್ತು ಜನರಿರುವ ದ್ವೀಪಕ್ಕೆ ವಿಮಾನ ಹಾರಿಸಲು ಸಾರ್ವಜನಿಕರ ಹಣ ಏಕೆ? ದೋಣಿ ಇಲ್ಲವೇ? ಆ ದುಡ್ಡನ್ನು ದೊಡ್ಡ ಊರಿನ ಆಸ್ಪತ್ರೆಗೆ ಕೊಟ್ಟರೆ ಹೆಚ್ಚು ಜನಕ್ಕೆ ಉಪಯೋಗವಾಗದೇ? ನನಗೆ ದ್ವೇಷವೇನೂ ಇಲ್ಲ, ಲೆಕ್ಕ ಅರ್ಥವಾಗಬೇಕಷ್ಟೆ.

ಕರ್ಕ್‌ವಾಲ್ ದಾದಿ

ನಾನು ಮೂರು ವರ್ಷ ಆರ್ಕ್ನಿಯಲ್ಲಿ ಕೆಲಸ ಮಾಡಿದ್ದೇನೆ, ಮೂಲ ಊರು ಶಿರಸಿ. ದೋಣಿ ಇದೆ. ಆದರೆ ಚಳಿಗಾಲದಲ್ಲಿ ಉತ್ತರದ ಕಡಲು ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ನಾರ್ತ್ ರೊನಾಲ್ಡ್‌ಸೆಗೆ ದೋಣಿ ಬರುವುದೇ ವಾರದಲ್ಲಿ ಬೆರಳೆಣಿಕೆಯ ಸಲ, ಗಾಳಿ ಎದ್ದರೆ ಅದೂ ಇಲ್ಲ. ಆ ವಿಮಾನದಲ್ಲಿ ಕೂರುವವರಲ್ಲಿ ಪ್ರವಾಸಿಗರು ಸ್ವಲ್ಪ ಮಂದಿ. ಉಳಿದವರು ದಂತವೈದ್ಯರು, ಸಂಗೀತದ ಮೇಷ್ಟ್ರು, ಪಶುವೈದ್ಯರು, ಟೆಲಿಫೋನ್ ದುರಸ್ತಿಯವರು, ಕರ್ಕ್‌ವಾಲ್‌ನಲ್ಲಿ ಸ್ಕ್ಯಾನಿಂಗ್‌ಗೆ ದಿನ ಗೊತ್ತಾಗಿರುವ ಬಸುರಿಯರು. ಬೆಳಿಗ್ಗೆ ಹೋದ ವೈದ್ಯರು ಸಂಜೆ ಮರಳುವುದು ವಿಮಾನದಿಂದ ಮಾತ್ರ ಸಾಧ್ಯ. ದೋಣಿಯಾದರೆ ಒಬ್ಬ ರೋಗಿಯನ್ನು ನೋಡಲು ಅವರ ಎರಡು ದಿನ ಹೋಗುತ್ತದೆ. ಆ ಎರಡು ದಿನದ ಬೆಲೆಯೂ ನಿಮ್ಮ ಲೆಕ್ಕದಲ್ಲಿ ಬರಬೇಕು.

ಇನ್ನೊಂದು ಮಾತು. 1967ರಲ್ಲಿ ಐಲ್ಯಾಂಡರ್ ಬಂದ ಕಾಲದಿಂದ 2006ರವರೆಗೆ ಸ್ಕಾಟ್ಲೆಂಡ್ ದ್ವೀಪಗಳ ಏರ್ ಆಂಬುಲೆನ್ಸ್ ನಡೆಸಿದ್ದೂ ಲೋಗನ್‌ಏರ್ ಪೈಲಟ್‌ಗಳೇ. ಹಿರಿಯ ದಾದಿಯರು ಹೇಳುತ್ತಿದ್ದರು: ಪುಟ್ಟ ದ್ವೀಪದಲ್ಲಿ ರಾತ್ರಿ ವಿಮಾನ ಇಳಿಯಬೇಕಾದರೆ ಊರಿನವರು ಕಾರುಗಳನ್ನು ಸಾಲಾಗಿ ನಿಲ್ಲಿಸಿ ಹೆಡ್‌ಲೈಟ್ ಹಾಕುತ್ತಿದ್ದರಂತೆ. ಆ ಕೆಲಸದಲ್ಲಿ ಪ್ರಾಣಗಳೂ ಹೋಗಿವೆ. 2005ರ ಮಾರ್ಚ್‌ನಲ್ಲಿ ಕ್ಯಾಂಬೆಲ್‌ಟೌನ್‌ನಲ್ಲಿದ್ದ ಒಬ್ಬ ರೋಗಿಯನ್ನು ಕರೆತರಲು ರಾತ್ರಿ ಹೊರಟ ಐಲ್ಯಾಂಡರ್ ಕಡಲಿಗೆ ಬಿದ್ದು ಪೈಲಟ್ ಮತ್ತು ಪ್ಯಾರಾಮೆಡಿಕ್ ಇಬ್ಬರೂ ತೀರಿಕೊಂಡರು. ಈ ಹಾರಾಟದ ವಿಷಯ ಮಾತಾಡುವಾಗ ಅವರನ್ನು ಮರೆಯಬಾರದು ಎಂಬುದು ನನ್ನ ಕೋರಿಕೆ.

ಹ್ಯಾಂಗರ್ ಮನುಷ್ಯ

ನಾನು ವಿಮಾನ ನಿರ್ವಹಣೆಯಲ್ಲಿ ದುಡಿದವನು. ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್ ಎಂಜಿನ್ನಿನ ವಿಮಾನ, ನನ್ನ ಕ್ಷೇತ್ರ. ನೇರಮಾತು ಅವರು ಖರ್ಚಿನ ಮಾತೆತ್ತಿದ್ದರಿಂದ ಖರ್ಚು ಎಲ್ಲಿಂದ ಹುಟ್ಟುತ್ತದೆಂದು ಸ್ವಲ್ಪ ವಿವರಿಸುತ್ತೇನೆ.

ವಿಮಾನದ ಆಯಸ್ಸನ್ನು ಗಂಟೆಯಲ್ಲಷ್ಟೇ ಅಳೆಯುವುದಿಲ್ಲ, ಎಷ್ಟು ಸಲ ಏರಿ ಇಳಿಯಿತು ಎಂಬುದರಲ್ಲೂ ಅಳೆಯುತ್ತಾರೆ. ಬೆಂಗಳೂರಿನಿಂದ ದೆಹಲಿಗೆ ಹೋಗುವ ವಿಮಾನ ಎರಡೂವರೆ ಮೂರು ಗಂಟೆಗೆ ಒಂದು ಸಲ ಇಳಿದರೆ, ಆರ್ಕ್ನಿಯ ಐಲ್ಯಾಂಡರ್ ಅಷ್ಟು ಹೊತ್ತಿನಲ್ಲಿ ಹತ್ತು ಸಲ ಇಳಿದಿರುತ್ತದೆ. ಚಕ್ರ, ಬ್ರೇಕು, ರೆಕ್ಕೆಯ ಬುಡ ಇವೆಲ್ಲಕ್ಕೂ ಪ್ರತಿ ಇಳಿತವೂ ಒಂದು ಪೆಟ್ಟು. ಎಂಜಿನ್ನಿಗೂ ಹಾಗೆಯೇ, ಪೂರ್ತಿ ಶಕ್ತಿಯಲ್ಲಿ ಏರುವುದು, ಕೂಡಲೇ ಇಳಿಸುವುದು, ಮತ್ತೆ ಏರುವುದು. ಇದರ ಮೇಲೆ ಉಪ್ಪು. ಕಡಲ ಗಾಳಿಯ ಉಪ್ಪು ಅಲ್ಯೂಮಿನಿಯಂ ಹಾಳೆಗಳ ಜೋಡಣೆಯೊಳಗೆ ಸೇರಿಕೊಂಡರೆ ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಲೋಹ ಪುಡಿಯಾಗುತ್ತಿರುತ್ತದೆ. ನಾನೊಮ್ಮೆ ಕಡಲತೀರದ ನಿಲ್ದಾಣವೊಂದರಲ್ಲಿ ರಿವೆಟ್ ಸಾಲನ್ನು ಉಗುರಿನಿಂದ ಕೆರೆದಾಗ ಬಿಳಿಯ ಪುಡಿ ಉದುರಿದ್ದನ್ನು ನೋಡಿದ್ದೇನೆ. ಆ ಫಲಕವನ್ನು ಪೂರ್ತಿ ಬದಲಿಸಬೇಕಾಯಿತು.

ಐಲ್ಯಾಂಡರ್ ಇದಕ್ಕೆಲ್ಲ ತಾಳುತ್ತದೆ, ಏಕೆಂದರೆ ಅದನ್ನು ಸರಳವಾಗಿ ಕಟ್ಟಿದ್ದಾರೆ. ಐಲ್ ಆಫ್ ವೈಟ್ ದ್ವೀಪದಲ್ಲಿ ಬ್ರಿಟನ್-ನಾರ್ಮನ್ ಕಂಪನಿ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1965ರಲ್ಲಿ. ಚಕ್ರ ಮಡಚುವುದಿಲ್ಲ, ಒಳಗೆ ಒತ್ತಡದ ವ್ಯವಸ್ಥೆಯಿಲ್ಲ, ಎರಡು ಪಿಸ್ಟನ್ ಎಂಜಿನ್. ಕಡಿಮೆ ಭಾಗ, ಕಡಿಮೆ ಕೆಡುಕು. ತೊಂದರೆಯೆಂದರೆ ಆ ಗಾತ್ರದಲ್ಲಿ ಅದರ ಜಾಗಕ್ಕೆ ಬರಬಲ್ಲ ಹೊಸ ವಿಮಾನ ಹುಡುಕುವುದು ಕಷ್ಟ. ಆಂಪೇರ್ ಎಂಬ ಕಂಪನಿಯ ಹೈಬ್ರಿಡ್ ವಿದ್ಯುತ್ ವಿಮಾನವೊಂದು 2021ರಲ್ಲಿ ಕರ್ಕ್‌ವಾಲ್‌ನಿಂದ ವಿಕ್‌ಗೆ ಹಾರಿ ತೋರಿಸಿತು. ಚಿಕ್ಕ ದೂರ ಬ್ಯಾಟರಿಗೆ ಹೇಳಿ ಮಾಡಿಸಿದ್ದು ಎಂದು ಎಲ್ಲರೂ ಅನ್ನುತ್ತಾರೆ. ಆದರೆ ಅಲ್ಲಿಯ ಗಾಳಿ, ಚಳಿ, ದಿನಕ್ಕೆ ಇಷ್ಟೊಂದು ಇಳಿತ ಇವನ್ನೆಲ್ಲ ವರ್ಷಗಟ್ಟಲೆ ತಾಳುವ ಯಂತ್ರ ಬರುವವರೆಗೆ ನಾನಂತೂ ಐಲ್ಯಾಂಡರನ್ನೇ ನಂಬುತ್ತೇನೆ.

ಕಡಲಕಾಗೆ

ಹ್ಯಾಂಗರ್ ಮನುಷ್ಯರೇ, ಶೆಟ್ಲೆಂಡ್ ದ್ವೀಪಗಳ ಸಂಬರ ವಿಮಾನ ನಿಲ್ದಾಣದ ಬಳಿ 2014ರಲ್ಲಿ ನಡೆದ ಘಟನೆಯ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಬೇಕೆಂದಿದ್ದೆ. ಇಲ್ಲಿ ಅಬರ್ಡೀನ್‌ನಲ್ಲಿ ಅದರ ಮಾತು ಈಗಲೂ ಬರುತ್ತದೆ.

ಹ್ಯಾಂಗರ್ ಮನುಷ್ಯ

ತನಿಖಾ ವರದಿಯನ್ನು ಎರಡು ಸಲ ಓದಿದ್ದೇನೆ, ಏಕೆಂದರೆ ಅದರಲ್ಲಿ ಯಂತ್ರದ ಪಾಠವೂ ಇದೆ, ಮನುಷ್ಯನ ಪಾಠವೂ ಇದೆ. 2014ರ ಡಿಸೆಂಬರ್ 15ರಂದು ಅಬರ್ಡೀನ್‌ನಿಂದ ಶೆಟ್ಲೆಂಡ್‌ಗೆ ಹೊರಟ ಸಾಬ್ 2000 ವಿಮಾನದಲ್ಲಿ 33 ಜನರಿದ್ದರು. ಸಂಬರ ಹತ್ತಿರ ಸುಮಾರು 2,000 ಅಡಿ ಎತ್ತರದಲ್ಲಿದ್ದಾಗ ಸಿಡಿಲು ಬಡಿಯಿತು. ಕಮಾಂಡರ್ ಮೇಲಕ್ಕೇರಲು ನಿಯಂತ್ರಣವನ್ನು ಹಿಂದಕ್ಕೆಳೆದರು. ಆದರೆ ಆಟೊಪೈಲಟ್ ಇನ್ನೂ ಚಾಲೂ ಇತ್ತು, ಅದು ಎದುರಿಗೆ ಟ್ರಿಮ್ (ಮೂತಿಯ ಏರಿಳಿತವನ್ನು ಹಿಡಿದಿಡುವ ವ್ಯವಸ್ಥೆ) ತಿರುಗಿಸಿ ಮೂತಿಯನ್ನು ಕೆಳಕ್ಕೊತ್ತುತ್ತಿತ್ತು. ಬಹುತೇಕ ವಿಮಾನಗಳಲ್ಲಿ ಪೈಲಟ್ ಜೋರಾಗಿ ಎಳೆದರೆ ಆಟೊಪೈಲಟ್ ತಾನೇ ಬಿಟ್ಟುಕೊಡುತ್ತದೆ. ಈ ಮಾದರಿಯಲ್ಲಿ ಹಾಗಿರಲಿಲ್ಲ. ಸಿಡಿಲಿನಿಂದ ನಿಯಂತ್ರಣವೇ ಕೆಟ್ಟಿದೆ ಎಂದು ಪೈಲಟ್‌ಗಳು ತಿಳಿದರು. ವಿಮಾನ 4,000 ಅಡಿ ಎತ್ತರಕ್ಕೇರಿ, ಅಲ್ಲಿಂದ ಮೂತಿ ಮುಂದಾಗಿ ಕೆಳಗಿಳಿಯಿತು. ಅದನ್ನು ಹಿಡಿದು ನಿಲ್ಲಿಸಿದಾಗ ಕಡಲಿನಿಂದ ಉಳಿದಿದ್ದ ಎತ್ತರ 1,100 ಅಡಿ. ಅಬರ್ಡೀನ್‌ಗೆ ಮರಳಿ ಎಲ್ಲರೂ ಸುರಕ್ಷಿತವಾಗಿ ಇಳಿದರು.

ದ್ವೀಪದ ಹವೆಯಲ್ಲಿ ದಿನವೂ ಹಾರುವುದೆಂದರೆ ಇದು. ಕೆಳಮೋಡ, ಅಡ್ಡಗಾಳಿ, ಕಡಲಮಂಜು. ಸಂಬರದಲ್ಲಂತೂ ರನ್‌ವೇಯ ಒಂದು ತುದಿಯನ್ನು ಊರಿನ ಮುಖ್ಯ ರಸ್ತೆ ದಾಟಿಹೋಗುತ್ತದೆ, ವಿಮಾನ ಬರುವಾಗ ರೈಲ್ವೆ ಗೇಟಿನಂತೆ ಗೇಟು ಹಾಕುತ್ತಾರೆ.

ಮಲ್ಪೆ ಬಂದರು

ಬಾರಾ ದ್ವೀಪದ ಬಗ್ಗೆ ಯಾರೂ ಬರೆದಿಲ್ಲ. ಕರಾವಳಿಯವನಾದ ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿದದ್ದು ಅದೇ. ಗ್ಲಾಸ್ಗೋದಿಂದ ಹೋಗುವ ಟ್ವಿನ್ ಆಟರ್ ಅಲ್ಲಿ ಇಳಿಯುವುದು ಸಮುದ್ರದ ಮರಳಿನ ಮೇಲೆ. ನಿಗದಿತ ಹಾರಾಟ ಉಬ್ಬರವಿಳಿತದ ಮರಳಿನ ಮೇಲೆ ಇಳಿಯುವ ನಿಲ್ದಾಣ ಜಗತ್ತಿನಲ್ಲಿ ಅದೊಂದೇ. ಮರದ ಕಂಬ ನೆಟ್ಟು ಮೂರು ರನ್‌ವೇಗಳನ್ನು ತ್ರಿಕೋನವಾಗಿ ಗುರುತಿಸಿದ್ದಾರೆ. ಗಾಳಿ ಯಾವ ಕಡೆಯಿಂದ ಬೀಸಿದರೂ ಎದುರುಮುಖವಾಗಿ ಇಳಿಯಲು ಒಂದು ದಾರಿ ಸಿಗುತ್ತದೆ. ನೀರು ಏರಿದಾಗ ಮೂರೂ ಮುಳುಗುತ್ತವೆ. ಹೀಗಾಗಿ ವೇಳಾಪಟ್ಟಿ ಚಂದ್ರನನ್ನು ನೋಡಿ ಬರೆಯಬೇಕಾದದ್ದು. ಇಂದು ಬೆಳಿಗ್ಗೆ ಬರುವ ವಿಮಾನ ಮುಂದಿನ ವಾರ ಮಧ್ಯಾಹ್ನಕ್ಕೆ ಬರಬಹುದು. ಅದೇ ಮರಳಿನಲ್ಲಿ ಊರಿನವರು ಚಿಪ್ಪುಮೀನು ಹೆಕ್ಕುತ್ತಾರೆ. ಗಾಳಿಚೀಲ ಏರಿಸಿದ್ದರೆ ವಿಮಾನ ಬರಲಿದೆ ಎಂದರ್ಥ, ಮರಳಿಗೆ ಇಳಿಯಬಾರದು. ನಮ್ಮಲ್ಲಿ ಮರುವಾಯಿ ಹೆಕ್ಕುವ ಹೆಂಗಸರು ಇಳಿತದ ಹೊತ್ತನ್ನು ಗಡಿಯಾರವಿಲ್ಲದೆ ಹೇಳುತ್ತಾರಲ್ಲ, ಅಲ್ಲಿನ ವಿಮಾನ ನಿಲ್ದಾಣದ ಸಿಬ್ಬಂದಿಯೂ ಅದೇ ಲೆಕ್ಕದ ಮೇಲೆ ಬದುಕುತ್ತಾರೆ.

ಬಾರಾಕ್ಕೆ ಹಾರುವ ಟ್ವಿನ್ ಆಟರ್‌ಗಳು ಲೋಗನ್‌ಏರ್‌ನ ಸ್ವತ್ತಲ್ಲ, ಸ್ಕಾಟ್ಲೆಂಡ್ ಸರ್ಕಾರವೇ 2015ರಲ್ಲಿ ಹೊಸದಾಗಿ ಕೊಂಡು ಹಾರಿಸಲು ಕೊಟ್ಟವು. ಉಪ್ಪುಮರಳಿನ ಮೇಲೆ ಇಳಿಸಲು ತನ್ನ ಸ್ವಂತ ಹಣದಿಂದ ಹೊಸ ವಿಮಾನ ಕೊಳ್ಳುವ ಖಾಸಗಿ ಕಂಪನಿ ಎಲ್ಲಿ ಸಿಗುತ್ತದೆ?

ಬೀದರ್ ಯಾತ್ರಿ

ಮಲ್ಪೆಯವರು ಹೇಳಿದ ಈ ಕೊನೆಯ ಮಾತೇ ನಾನು ಕಾಯುತ್ತಿದ್ದದ್ದು. ನಮ್ಮ ಬೀದರ್‌ಗೆ 2020ರ ಫೆಬ್ರುವರಿಯಲ್ಲಿ ಉಡಾನ್ ಯೋಜನೆಯಡಿ ವಿಮಾನ ಬಂದಾಗ ಅಪ್ಪನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದು ಸುಲಭವಾಯಿತೆಂದು ಸಂತೋಷಪಟ್ಟಿದ್ದೆ. ಆಮೇಲೆ ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗುವ ಅಪ್ಪನ ಬೆನ್ನುನೋವು ಮರಳಿತು. ಉಡಾನ್‌ನಲ್ಲಿ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ, ಅಷ್ಟರೊಳಗೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕೆಂಬ ಲೆಕ್ಕ. ಸ್ಕಾಟ್ಲೆಂಡ್‌ನಲ್ಲೂ ಹೀಗೆಯೇ ಗಡುವು ಇದೆಯೇ?

ಹಳೆಯ ವೇಳಾಪಟ್ಟಿ

ಗುತ್ತಿಗೆಗೆ ಗಡುವು ಇದೆ, ಆದರೆ ಸೇವೆಗೆ ಇಲ್ಲ. ಸಾರ್ವಜನಿಕ ಸೇವಾ ಹೊಣೆ ಎಂಬ ವ್ಯವಸ್ಥೆಯಡಿ ಗ್ಲಾಸ್ಗೋದಿಂದ ಬಾರಾ, ಟೈರೀ, ಕ್ಯಾಂಬೆಲ್‌ಟೌನ್ ಮಾರ್ಗಗಳಿಗೆ ಸರ್ಕಾರ ಟೆಂಡರ್ ಕರೆಯುತ್ತದೆ. ಆರ್ಕ್ನಿಯ ಒಳಗಿನ ಹಾರಾಟಗಳಿಗೆ ಅಲ್ಲಿನ ದ್ವೀಪ ಮಂಡಳಿ ಕರೆಯುತ್ತದೆ. ವಾರಕ್ಕೆ ಎಷ್ಟು ಹಾರಾಟ, ಎಷ್ಟು ಸೀಟು, ಟಿಕೆಟ್ ಎಷ್ಟು ಮೀರಬಾರದು ಎಂದು ಮೊದಲೇ ಬರೆದಿರುತ್ತದೆ. ಅವಧಿ ಮುಗಿದರೆ ಮತ್ತೆ ಟೆಂಡರ್. ಕಂಪನಿ ಬದಲಾಗಬಹುದು, ವಿಮಾನ ನಿಲ್ಲುವುದಿಲ್ಲ. ಶೆಟ್ಲೆಂಡ್ ಒಳಗಿನ ಹಾರಾಟಗಳು 2006ರಲ್ಲಿ ಲೋಗನ್‌ಏರ್ ಕೈತಪ್ಪಿ ಬೇರೆಯವರಿಗೆ ಹೋದವು. ಅಲ್ಲಿನ ಫೇರ್ ಐಲ್ ದ್ವೀಪದ ಜನಕ್ಕೆ ವಿಮಾನ ಬರುವುದೇನೂ ತಪ್ಪಲಿಲ್ಲ.

ಇದಲ್ಲದೆ ನಿವಾಸಿಗಳಿಗೆ 2006ರಿಂದ ಟಿಕೆಟ್ ರಿಯಾಯಿತಿ ಇದೆ. ಮೊದಲು ಶೇಕಡ 40 ಇತ್ತು, 2016ರಿಂದ ಶೇಕಡ 50. ದೊಡ್ಡ ದ್ವೀಪಗಳಿಂದ ಮುಖ್ಯಭೂಮಿಗೆ ಹೋಗುವ ವಾಣಿಜ್ಯ ಹಾರಾಟಗಳಿಗೆ ಇದು ಅನ್ವಯಿಸುತ್ತದೆ. ಒಂದು ಕಡೆ ಹಣ ಮಾರ್ಗಕ್ಕೆ, ಇನ್ನೊಂದು ಕಡೆ ಪ್ರಯಾಣಿಕರಿಗೆ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮಲ್ಪೆ ಬಂದರು

ನಮ್ಮ ಹತ್ತಿರದ ದ್ವೀಪಗಳೆಂದರೆ ಲಕ್ಷದ್ವೀಪ. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳು ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಅಲ್ಲಿಗೆ ಹೋಗುವುದನ್ನು ನೋಡುತ್ತ ಬೆಳೆದವನು ನಾನು. ಅಲ್ಲಿ ವಿಮಾನ ಇಳಿಯುವುದು ಅಗಟ್ಟಿ ಒಂದರಲ್ಲೇ. ರನ್‌ವೇ ಸುಮಾರು 1,200 ಮೀಟರ್. 1988ರಲ್ಲಿ ವಾಯುದೂತ್‌ನ ಡಾರ್ನಿಯರ್ ಇಳಿದಲ್ಲಿಂದ ಶುರುವಾಗಿ, ಈಗ ಎಟಿಆರ್ ಹೋಗುತ್ತದೆ. 2024ರ ಮಾರ್ಚ್ 31ರಿಂದ ಇಂಡಿಗೋ ಬೆಂಗಳೂರಿನಿಂದಲೇ ನೇರ ಹಾರಾಟ ಆರಂಭಿಸಿತು. ಆದರೆ ಅಗಟ್ಟಿಯಿಂದ ಮಿನಿಕಾಯ್‌ಗೋ ಆಂದ್ರೋತ್‌ಗೋ ಹೋಗಬೇಕಾದವನಿಗೆ ಹಡಗು ಅಥವಾ ಹೆಲಿಕಾಪ್ಟರ್ ಬಿಟ್ಟು ಬೇರೆ ಗತಿಯಿಲ್ಲ. ಐಲ್ಯಾಂಡರ್‌ನಂತಹ ವಿಮಾನಕ್ಕೆ ಕೆಲವು ನೂರು ಮೀಟರ್ ಗಟ್ಟಿ ನೆಲ ಸಾಕು. ದೂರದಿಂದ ಪ್ರವಾಸಿಗರನ್ನು ತರುವ ಹಾರಾಟಕ್ಕೆ ಎಲ್ಲರೂ ಕೈಚಾಚುತ್ತಾರೆ, ದ್ವೀಪದಿಂದ ದ್ವೀಪಕ್ಕೆ ಹೋಗುವವನ ಹಾರಾಟವನ್ನು ಕೇಳುವವರಿಲ್ಲ.

ನೇರಮಾತು

ವೈದ್ಯರ ಎರಡು ದಿನದ ಬೆಲೆಯ ಮಾತು ನಾನು ಯೋಚಿಸಿರಲಿಲ್ಲ. ಒಪ್ಪುತ್ತೇನೆ. ಆದರೂ ಒಂದು ಅನುಮಾನ ಉಳಿದಿದೆ. ಇದೇ ಕಂಪನಿ ಇಂಗ್ಲೆಂಡಿನ ಊರುಗಳ ನಡುವೆಯೂ ಹಾರಿಸುತ್ತದೆ. ಅಲ್ಲಿ ನಷ್ಟವಾಗಿ ಕಂಪನಿಯೇ ಮುಳುಗಿದರೆ ಪಾಪಾ ವೆಸ್ಟ್ರೆಯ ಗತಿಯೇನು?

ಕಡಲಕಾಗೆ

ನನ್ನ ಚಿಂತೆಯೂ ಅದೇ. ಎಲ್ಲರ ಮಾತು ಓದಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಈ ಕಂಪನಿಯನ್ನು ಕಷ್ಟಕಾಲದಲ್ಲಿ ಉಳಿಸಿದ್ದು ದ್ವೀಪದ ಪುಟ್ಟ ಹಾರಾಟಗಳೇ, ದೊಡ್ಡ ಮಾರ್ಗಗಳಲ್ಲ. ದೊಡ್ಡ ಮಾರ್ಗಗಳನ್ನು 1994ರಲ್ಲಿ ಒಡೆಯರು ಒಂದೇ ಏಟಿಗೆ ಕಿತ್ತುಕೊಂಡರು. ಉಳಿದದ್ದು ಐಲ್ಯಾಂಡರ್‌ಗಳಂಥ ಪುಟ್ಟ ವಿಮಾನಗಳೂ ದ್ವೀಪಗಳ ಗುತ್ತಿಗೆಯೂ. ಈಗ ಕಂಪನಿ ಮತ್ತೆ ದೊಡ್ಡದಾಗಿದೆ, ಸಾಬ್ ವಿಮಾನಗಳು ಹೋಗಿ ಎಟಿಆರ್ ಬಂದಿವೆ, 2022ರ ಅಕ್ಟೋಬರ್‌ನಲ್ಲಿ ಒಡೆಯರು ಮಾರಾಟಕ್ಕಿಟ್ಟು ಆಮೇಲೆ ಆ ಪ್ರಯತ್ನವನ್ನು ಕೈಬಿಟ್ಟರು. ಇಂಥ ಏರುಪೇರು ಮುಂದೆಯೂ ಬರುತ್ತದೆ. ಹಾಗಾಗಿ ಬಾರಾದಲ್ಲಿ ಮಾಡಿದಂತೆ ಆರ್ಕ್ನಿಯಲ್ಲೂ ವಿಮಾನಗಳು ಸಾರ್ವಜನಿಕರ ಸ್ವತ್ತಾಗಬೇಕು. ಹೊರದ್ವೀಪಗಳ ರನ್‌ವೇಗಳು ಈಗಾಗಲೇ ಮಂಡಳಿಯವು, ಅಲ್ಲಿ ಬೆಂಕಿ ಆರಿಸುವ ಪಡೆಯವರು ಅದೇ ಊರಿನ ರೈತರು. ವಿಮಾನವೂ ಮಂಡಳಿಯದೇ ಆದರೆ ಹಾರಿಸುವ ಕಂಪನಿ ಮುಳುಗಿದ ಮರುದಿನ ಇನ್ನೊಬ್ಬ ಪೈಲಟ್ ಬಂದು ಕೀಲಿ ತೆಗೆದುಕೊಳ್ಳಬಹುದು.

ಕರ್ಕ್‌ವಾಲ್ ದಾದಿ

ಪೈಲಟ್ ಬಂದು ಕೀಲಿ ತೆಗೆದುಕೊಳ್ಳುವುದು ಅಷ್ಟು ಸುಲಭವಲ್ಲ ಎಂದಷ್ಟೇ ಸೇರಿಸುತ್ತೇನೆ. 53 ಸೆಕೆಂಡಿನ ದಾಖಲೆ ಮಾಡಿದ ಕ್ಯಾಪ್ಟನ್ ಸ್ಟುವರ್ಟ್ ಲಿಂಕ್ಲೇಟರ್ ಆ ಒಂದೇ ಮಾರ್ಗದಲ್ಲಿ 12,000ಕ್ಕೂ ಹೆಚ್ಚು ಸಲ ಹಾರಿದ್ದವರು. ಯಾವ ಹೊಲದ ಕಡೆಯಿಂದ ಗಾಳಿ ಹೇಗೆ ಹೊರಳುತ್ತದೆ, ಯಾವ ದ್ವೀಪದ ಮೇಲೆ ಮಂಜು ಮೊದಲು ಕೂರುತ್ತದೆ ಎಂಬುದು ಅಂಥವರಿಗೆ ಮಾತ್ರ ಗೊತ್ತು. ಒಂದು ನವೆಂಬರ್ ಮಧ್ಯಾಹ್ನ ನಾನು ಸ್ಯಾಂಡೆ ದ್ವೀಪದಲ್ಲಿ ರೋಗಿಯ ಜೊತೆ ಕಾಯುತ್ತಿದ್ದೆ. ಮಂಜು ಇಳಿದು ಎದುರಿನ ಬೇಲಿಯೂ ಕಾಣುತ್ತಿರಲಿಲ್ಲ. ಬೆಂಕಿಪಡೆಯ ಹಿರಿಯರೊಬ್ಬರು ರೇಡಿಯೊದಲ್ಲಿ ಪೈಲಟ್ ಜೊತೆ ಎರಡು ಮಾತಾಡಿ ನನ್ನ ಕಡೆ ತಿರುಗಿ, ಇಪ್ಪತ್ತು ನಿಮಿಷ ಕಾಯೋಣ, ಕಡಲಿನ ಇಳಿತ ಶುರುವಾದರೆ ಮಂಜು ಸರಿಯುತ್ತದೆ ಎಂದರು. ಇಪ್ಪತ್ತೈದು ನಿಮಿಷಕ್ಕೆ ಎಂಜಿನ್ ಸದ್ದು ಕೇಳಿಸಿತು.